ಜೋಡಿ ಓಲೆ, ಊರ ಪತ್ತಾರ ಮತ್ತು ದೂರದ ಗ್ರಂಥಾಲಯ

ನಮ್ಮಲ್ಲಿ ಕೆಂಪು ಅಂದರೆ ಬಣ್ಣವೂ ಹೌದು, ಹರಳೂ ಹೌದು. ಕೆಂಪಿನ ಓಲೆ, ಕೆಂಪಿನ ಮೂಗುತಿ ಅನ್ನುತ್ತೇವೆ. ಅದು ಮಾಣಿಕ್ಯವೋ, ಬೇರೆ ಕಲ್ಲೋ, ಬರೀ ಗಾಜೋ ಅಂತ ಯಾರೂ ಬಿಡಿಸಿ ಕೇಳುವುದಿಲ್ಲ. ಕೇಳುವುದು ಜಗಳ ಬಂದಾಗ ಮಾತ್ರ.

ಅಂಥ ಜಗಳವೊಂದು ಹೋದ ವರ್ಷ ಸುದ್ದಿಯಾಗಿ ನನ್ನ ಹತ್ತಿರ ಬಂತು. ಪಕ್ಕದ ಊರಿನ ಅಜ್ಜಿಯೊಬ್ಬರು ತೀರಿಕೊಂಡ ಮೇಲೆ ಅವರ ಕೆಂಪಿನ ಓಲೆ ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು ಹೋಯಿತು. ಹಿರಿಯಾಕೆ ತನ್ನದನ್ನು ಪೇಟೆಯ ಅಂಗಡಿಯಲ್ಲಿ ತೋರಿಸಿದಾಗ, ಕಲ್ಲು ಅಸಲಿ ಅಲ್ಲ ಅಂದರಂತೆ. ಅಜ್ಜಿ ಇದ್ದಾಗ ಆ ಒಂದು ಓಲೆಯ ತಿರುಪು ಮುರಿದು ಊರ ಪತ್ತಾರರ ಹತ್ತಿರ ರಿಪೇರಿಗೆ ಹೋಗಿತ್ತು. ವಾಪಸ್ ಬಂದಾಗಲೇ ಬಣ್ಣ ಮಂಕಾಗಿತ್ತು, ಕಲ್ಲು ಬದಲಿಸಿದ್ದಾರೆ ಅನ್ನುವುದು ಆರೋಪ.

"ತಮ್ಮಾ, ಪೇಪರ್‌ನ್ಯಾಗ ಅವನ ಹೆಸರು ಬರಬೇಕು ನೋಡು," ಅಂದರು ಅಕ್ಕ.

ಪತ್ತಾರ ಕಾಕಾನನ್ನೂ ಹೋಗಿ ಕೇಳಿದೆ. "ಹರಳು ಮುಟ್ಟೇ ಇಲ್ಲಪಾ ನಾ. ತಿರುಪು ಬೆಸೆದೆ, ತೊಳದು ಕೊಟ್ಟೆ. ಅಷ್ಟ," ಅಂದರು. ಅವರಿಗೆ ಅರವತ್ತು ದಾಟಿದೆ. ಪೇಪರಿನಲ್ಲಿ ಹೆಸರು ಬಂದರೆ ಮರುದಿನದಿಂದ ಯಾರೂ ಅವರ ಕೈಗೆ ಒಂದು ಗುಂಜಿ ಬಂಗಾರ ಕೊಡುವುದಿಲ್ಲ.

ಪೊಲೀಸ್ ದೂರು ಇರಲಿಲ್ಲ, ರಸೀದಿಯೂ ಇರಲಿಲ್ಲ. ಸುದ್ದಿ ಕಳಿಸುವ ಮೊದಲು ಹರಳಿನ ಬಗ್ಗೆ ತಿಳಿಯಬೇಕಿತ್ತು. ಹುಡುಕುತ್ತಾ ಸಿಕ್ಕಿದ್ದು ಅಮೆರಿಕದ ಒಂದು ಗ್ರಂಥಾಲಯ. ಅಲ್ಲಿನ ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಜಿಐಎ, 1931ರಲ್ಲಿ ಶುರುವಾದ ಸಂಸ್ಥೆ. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ರಿಚರ್ಡ್ ಲಿಡಿಕೋಟ್ ಹೆಸರಿನಲ್ಲಿ ಹರಳು, ಒಡವೆಗಳಿಗೇ ಮೀಸಲಾದ ಗ್ರಂಥಾಲಯ ನಡೆಸುತ್ತದೆ. ಅಲ್ಲಿಗೆ ನಾವು ಹೋಗುವುದು ಎಲ್ಲಿಂದ ಬಂತು? ಆದರೆ ಅವರ ಹಳೆಯ ಪುಸ್ತಕಗಳಲ್ಲಿ ಎಷ್ಟೋ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. 'ಜೆಮ್ಸ್ ಅಂಡ್ ಜೆಮಾಲಜಿ' ಎಂಬ ಅವರ ಪತ್ರಿಕೆಯ 1934ರಿಂದ ಈಚಿನ ಸಂಚಿಕೆಗಳೂ ಪುಕ್ಕಟೆ ಸಿಗುತ್ತವೆ.

ಬರೀ 'ರೂಬಿ' ಅಂತ ಹುಡುಕಿದರೆ ರಾಶಿ ಬಂದು ಬೀಳುತ್ತದೆ. 'ಸಿಂಥೆಟಿಕ್ ರೂಬಿ' ಅಂತ ಹಾಕಿದ ಮೇಲೆ ದಾರಿ ಕಂಡಿತು. ಇಂಗ್ಲಿಷ್ ಕಷ್ಟವಾದ ಕಡೆ ಡಿಕ್ಷನರಿ ಇಟ್ಟುಕೊಂಡು ನಾಲ್ಕು ರಾತ್ರಿ ಓದಿದೆ.

ಮೊದಲನೇ ಸಂಗತಿ: ಮಾಣಿಕ್ಯವನ್ನು ಕಾರ್ಖಾನೆಯಲ್ಲಿ ಮಾಡುವುದು ಇವತ್ತು ನಿನ್ನೆಯದಲ್ಲ. ಫ್ರಾನ್ಸಿನ ಆಗಸ್ಟ್ ವೆರ್ನ್ಯೂಯಿ ಎಂಬ ವಿಜ್ಞಾನಿ 1902ರಲ್ಲೇ ಆ ವಿಧಾನ ಪ್ರಕಟಿಸಿದ. ಅಲ್ಯೂಮಿನಿಯಂ ಆಕ್ಸೈಡ್ ಪುಡಿಗೆ ಚೂರು ಕ್ರೋಮಿಯಂ ಬೆರೆಸಿ, ಉರಿಯಲ್ಲಿ ಕರಗಿಸಿ ಹನಿಹನಿಯಾಗಿ ಗಟ್ಟಿ ಮಾಡುವುದು. ನೆಲದಲ್ಲಿ ಸಿಗುವ ಮಾಣಿಕ್ಯವೂ ಅದೇ ವಸ್ತು, ಅದಕ್ಕೇ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಹಾಗಾಗಿ ಅಜ್ಜಿಯ ಮದುವೆ ಕಾಲದ ಓಲೆಯಲ್ಲೂ ಮೊದಲಿಂದಲೇ ಇಂಥ ಕಲ್ಲು ಇದ್ದಿರಬಹುದು.

ಎರಡನೇದು: ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಇಂಥ ಕಲ್ಲಿನೊಳಗೆ ಗ್ರಾಮೋಫೋನ್ ತಟ್ಟೆಯ ಗೆರೆಗಳಂತೆ ಬಾಗಿದ ಗೆರೆಗಳು, ಒಮ್ಮೊಮ್ಮೆ ಸಣ್ಣ ಗುಳ್ಳೆಗಳು ಕಾಣುತ್ತವೆ. ನೆಲದ ಮಾಣಿಕ್ಯದಲ್ಲಿ ಬೆಳವಣಿಗೆಯ ಗೆರೆ ನೇರ ಇರುತ್ತದೆ.

ಮೂರನೇದು: ಹಳೆ ಒಡವೆಗಳಲ್ಲಿ ಹರಳಿನ ಹಿಂಬದಿ ಮುಚ್ಚಿ, ಹೊಳಪಿಗೆ ಒಳಗೆ ತೆಳು ತಗಡು ಇಡುತ್ತಿದ್ದರು. ಅದಕ್ಕೆ ನೀರು ತಾಗಿದರೆ ತಗಡು ಕಪ್ಪಾಗಿ ಹರಳು ಮಂಕಾಗುತ್ತದೆ. "ತೊಳದು ಕೊಟ್ಟೆ" ಅಂದಿದ್ದರಲ್ಲ ಕಾಕಾ!

ಪೇಟೆಯ ಅಂಗಡಿಯವರು ನೋಡಿದ್ದು ಒಂದೇ ಓಲೆ. ತಂಗಿಯ ಹತ್ತಿರ ಇದ್ದ ಓಲೆ ಪತ್ತಾರರ ಅಂಗಡಿ ಮೆಟ್ಟಿಲೇ ಹತ್ತಿರಲಿಲ್ಲ. ಅಕ್ಕ ತಂಗಿ ಇಬ್ಬರನ್ನೂ ಒಪ್ಪಿಸಿ, ಎರಡೂ ಓಲೆ ಜಿಲ್ಲಾ ಕೇಂದ್ರದ ಹರಳು ಪರೀಕ್ಷಕರೊಬ್ಬರಿಗೆ ತೋರಿಸಿದೆವು. ಎರಡರಲ್ಲೂ ಅದೇ ಬಾಗಿದ ಗೆರೆ. ಎರಡೂ ಕಾರ್ಖಾನೆ ಕಲ್ಲೇ. ರಿಪೇರಿಯಾದ ಓಲೆಯ ತಗಡು ಮಾತ್ರ ಕಪ್ಪಾಗಿತ್ತು.

ಅಕ್ಕ ಬಹಳ ಹೊತ್ತು ಸುಮ್ಮನಿದ್ದರು. "ಹಂಗಾದ್ರ ನಮ್ಮವ್ವ ಮೋಸ ಹೋಗಿದ್ಲೇನು?" ಅಂತ ಕೇಳಿದ್ದು ತಂಗಿ. ಅದನ್ನು ಯಾವ ಗ್ರಂಥಾಲಯವೂ ಹೇಳಲಾರದು. ಮಾರಿದವರಿಗೇ ಗೊತ್ತಿರಲಿಲ್ಲವೋ ಏನೋ. ಬ್ರಿಟನ್ ರಾಜಕಿರೀಟದ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಕೂಡ ಮಾಣಿಕ್ಯವಲ್ಲ, ಸ್ಪಿನೆಲ್ ಎಂಬ ಬೇರೆ ಕಲ್ಲು ಅಂತ ಹೇಳಿದೆ. ತಂಗಿ ನಕ್ಕರು, ಅಕ್ಕ ನಗಲಿಲ್ಲ. ಮನೆಯಲ್ಲಿ ಮಾಣಿಕ್ಯ ಇದೆ ಅಂತ ಅರವತ್ತು ವರ್ಷ ನಂಬಿದವರಿಗೆ ಅಷ್ಟು ಬೇಗ ಸಮಾಧಾನ ಆಗುವುದಿಲ್ಲ. ಆದರೂ ಮುಂದಿನ ವಾರ ಪತ್ತಾರರ ಮನೆಗೆ ತಾವೇ ಹೋಗಿ, ಹೊಸ ತಗಡು ಹಾಕಿಕೊಡಲು ಹೇಳಿ ಬಂದರಂತೆ.

ಪೇಪರಿಗೆ ಇದು ಸುದ್ದಿಯಾಗಲಿಲ್ಲ, ನನಗೆ ದುಡ್ಡೂ ಬರಲಿಲ್ಲ. ಇಲ್ಲಿ ಬರೆಯುತ್ತಿರುವುದು ನೀವೂ ನಾಳೆ ಒಡವೆ ರಿಪೇರಿಗೆ ಕೊಡುವವರು ಅಂತ. ಕೊಡುವ ಮೊದಲು ಹಿಂದೆ ಮುಂದೆ ಫೋಟೋ ತೆಗೆದುಕೊಳ್ಳಿ. ತೂಕ, ಹರಳಿನ ಲೆಕ್ಕ ಚೀಟಿಯಲ್ಲಿ ಬರೆಸಿಕೊಳ್ಳಿ. ಅದರಿಂದ ನಿಮ್ಮ ಒಡವೆಯೂ ಉಳಿಯುತ್ತದೆ, ಪತ್ತಾರರ ಮಾನವೂ ಉಳಿಯುತ್ತದೆ.