ತೊಗಲು ಮೊಟ್ಟೆ

ಈ ಸಲ ಹೊಲದ ವಿಚಾರ ಅಲ್ಲ, ಹಿತ್ತಲ ಕೋಳಿ ವಿಚಾರ.

ನಮ್ಮನೇಲಿ 14 ಹೇಟೆ ಇದ್ವು. ಐದು ನಾಟಿ, ಮಿಕ್ಕಿದ್ದು ಗಿರಿರಾಜ. ಮೊಟ್ಟೆ ದುಡ್ಡು ನಮ್ಮ ಮನೆಯವರದು, ಸಂಘದ ವಾರದ ಕಂತು ಅದರಲ್ಲೇ ಕಟ್ತಾರೆ. ಯುಗಾದಿ ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಗೂಡಿಗೆ ಕೈ ಹಾಕಿದ್ರೆ ಸಿಪ್ಪೇನೇ ಇಲ್ಲದ ಮೊಟ್ಟೆ, ನೀರು ತುಂಬಿದ ಬಲೂನಿನ ಥರ. ವಾರದಲ್ಲಿ ದಿನಕ್ಕೆ ಮೂರ್ನಾಲ್ಕು ಹಂಗೇ ಬಂತು. ಒಡೆದಿದ್ದನ್ನ ಕೋಳಿಗಳೇ ಕುಕ್ಕಿ ತಿನ್ನೋಕೆ ಶುರು ಮಾಡಿದ್ವು. ಅಮ್ಮ ದೃಷ್ಟಿ ಅಂದ್ರು. ನಾನು ಬಿಸಿಲು ಅಂದೆ.

ಬಿಸಿಲೂ ಒಂದು ಕಾರಣ ಹೌದು. ಸೆಕೆಗೆ ಬಾಯಿ ಬಿಟ್ಕೊಂಡು ಏದುಸಿರು ಬಿಟ್ರೆ ಮೇವು ತಿನ್ನೋದೂ ಕಮ್ಮಿ, ಸಿಪ್ಪೆನೂ ತೆಳು. ಆದ್ರೆ ನಿಜವಾದ ತಪ್ಪು ನಂದು. ನಾಯಿ ಎರಡು ಕೋಳಿ ಹಿಡೀತು ಅಂತ ಎಲ್ಲಾನೂ ಶೆಡ್ಡಲ್ಲಿ ಕೂಡಿಹಾಕಿದ್ದೆ. ಬಿಸಿಲಿಲ್ಲ, ಕೆದಕೋಕೆ ಮಣ್ಣಿಲ್ಲ. ಮೇಲೆ ಕಮ್ಮಿ ರೇಟಿಗೆ ಸಿಕ್ತು ಅಂತ ಬಾಯ್ಲರ್ ಫೀಡ್ ಮೂಟೆ ತಂದಿದ್ದೆ.

ಅಷ್ಟರಲ್ಲಿ ಕೆಂಪಿ ಬಾಲ ಇಳಿಸಿ ಮೂಲೇಲಿ ಕೂತು ಮುಕ್ಕರಿಯೋಕೆ ಶುರು ಮಾಡ್ತು. ಕಾವಿಗೆ ಕೂತಿರಬೇಕು ಬಿಡು ಅಂದೆ. ಮಾರನೇ ದಿನ ಸತ್ತಿತ್ತು. ಕೊಯ್ದು ನೋಡಿದ್ರೆ ಒಳಗೆ ತೊಗಲು ಮೊಟ್ಟೆ ಸಿಕ್ಕಾಕ್ಕೊಂಡಿತ್ತು. ಮನೆಯವರು ಒಂದೇ ಮಾತು: "ಕೋಳಿ ನಂದು ಅಂತೀರಿ, ಮೇವು ತರುವಾಗ ನನ್ನ ಕೇಳಿದ್ರಾ?"

ಆಮೇಲೆ ಪಶು ಆಸ್ಪತ್ರೆ ಡಾಕ್ಟ್ರ ಹತ್ರ ಹೋದೆ. ಅವರು ಲೆಕ್ಕ ಬರೆದು ತೋರಿಸಿದ್ರು. ಒಂದು ಮೊಟ್ಟೆ ಸಿಪ್ಪೇಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ. ತಿಂದದ್ದೆಲ್ಲ ಮೈಗೆ ಹತ್ತಲ್ಲ, ಅದಕ್ಕೆ ದಿನಕ್ಕೆ 4 ಗ್ರಾಂ ಹತ್ರ ಬೇಕು. ಕೋಳಿ ದಿನಕ್ಕೆ ತಿನ್ನೋದು 100 ಗ್ರಾಂ ಚಿಲ್ಲರೆ. ಬಾಯ್ಲರ್ ಫೀಡಲ್ಲಿ ಕ್ಯಾಲ್ಸಿಯಂ ಶೇ. 1ರಷ್ಟು, ಲೇಯರ್ ಫೀಡಲ್ಲಿ ಶೇ. 3.5ರಿಂದ 4. "ಸಾರ್, ರಾಗೀಲಿ ಬೇಕಾದಷ್ಟಿದೆ ಅಂತಾರಲ್ಲ" ಅಂದೆ. ನಕ್ಕರು. 100 ಗ್ರಾಂ ರಾಗೀಲಿ ಇರೋದು ಗ್ರಾಮಿನ ಮೂರನೇ ಒಂದು ಭಾಗ. ನಮಗೆ ಅದು ಜಾಸ್ತಿ, ಮೊಟ್ಟೆ ಕೋಳಿಗೆ ಏನೂ ಅಲ್ಲ.

ಈಗ ಲೇಯರ್ ಫೀಡು ಹಾಕ್ತೀವಿ. ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಗ್ರಿಟ್ ಇಡ್ತೀವಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನತ್ತೆ. ಸಿಪ್ಪೆ ಕಟ್ಟೋದು ಹೆಚ್ಚಾಗಿ ರಾತ್ರಿ, ಅದಕ್ಕೆ ಸಾಯಂಕಾಲ ಬಟ್ಟಲು ಖಾಲಿ ಇರಬಾರದು. ಮನೆ ಮೊಟ್ಟೆ ಸಿಪ್ಪೆನೂ ಹಾಕಬಹುದು, ಆದ್ರೆ ಹುರಿದು ಪುಡಿ ಮಾಡಿ. ಇಡೀ ಸಿಪ್ಪೆ ಹಾಕಿದ್ರೆ ಮೊಟ್ಟೆ ತಿನ್ನೋ ಚಟ ನಾವೇ ಕಲಿಸಿದಂಗೆ. ಸುಟ್ಟ ಸುಣ್ಣ ಮಾತ್ರ ಹಾಕಬೇಡಿ, ಬಾಯಿ ಗಂಟಲು ಬೇಯತ್ತೆ. ಮರಿಗಳಿಗೆ ಲೇಯರ್ ಫೀಡೂ ಬೇಡ, ಕಿಡ್ನಿಗೆ ತೊಂದರೆ. ಸಂಜೆ ಎರಡು ಗಂಟೆ ನಾನೇ ಕಾವಲು ಕೂತು ಹೊರಗೆ ಬಿಡ್ತೀನಿ.

ಹೊಸದಾಗಿ ಮೊಟ್ಟೆಗೆ ಬಂದ ಹೇಟೆ ಒಂದೆರಡು ತೊಗಲು ಮೊಟ್ಟೆ ಇಟ್ರೆ ಗಾಬರಿ ಬೇಡ. ಕೆಮ್ಮು, ಹಸಿರು ಭೇದಿ, ಕತ್ತು ತಿರುಚೋದು ಜೊತೆಗಿದ್ರೆ ಮಾತ್ರ ಗ್ರಿಟ್ ನಂಬ್ಕೊಂಡು ಕೂರಬೇಡಿ, ಕೊಕ್ಕರೆ ರೋಗ ಇರಬಹುದು, ಡಾಕ್ಟ್ರನ್ನ ಕರೀರಿ.

ಹತ್ತು ದಿನದಲ್ಲಿ ಸಿಪ್ಪೆ ಗಟ್ಟಿಯಾಯ್ತು. ಒಂದು ಗಿರಿರಾಜ ಮಾತ್ರ ಇನ್ನೂ ತೆಳು ಇಡ್ತಾ ಇದೆ. ಗ್ರಿಟ್ ಮೂಟೆ ಲೆಕ್ಕದಲ್ಲೇ ಸಿಗೋದು, ನಮಗೆ ಅಷ್ಟು ಬೇಡ. ಅಕ್ಕಪಕ್ಕದೋರು ಡಬ್ಬ ತಗೊಂಡು ಬನ್ನಿ, ಹಂಚ್ಕೊಳ್ಳೋಣ.