ಒಂದು ವಾರದ ಚಳಿ, ಇಪ್ಪತ್ತೈದು ವರ್ಷದ ಬಿಲ್ಲು

ದಾವಣಗೆರೆಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅಕೌಂಟೆನ್ಸಿ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಒಂದು ಉದಾಹರಣೆಯ ಮೇಲೆ ಬಲು ಪ್ರೀತಿ. ಖರ್ಚು ಯಾವುದು, ಆಸ್ತಿ ಯಾವುದು ಎಂದು ತಿಳಿಹೇಳಬೇಕಾದಾಗಲೆಲ್ಲ ಅವರು ಹುಡುಗರನ್ನು ಮಾತಿನಲ್ಲೇ ಊರಿನ ಮಂಡಕ್ಕಿ ಭಟ್ಟಿಗೆ ಕರೆದೊಯ್ಯುತ್ತಿದ್ದರು. ಬಾಣಲೆ ಆಸ್ತಿ, ಹತ್ತು ವರ್ಷ ಬಾಳುತ್ತದೆ. ಒಲೆಗೆ ತುಂಬಿದ ಹೊಟ್ಟು ಖರ್ಚು, ಸಂಜೆಗೆ ಬೂದಿ. ಉರಿದು ಹೋದದ್ದನ್ನು ಆಸ್ತಿಯ ಕಡೆ ಬರೆದು ತಂದವನಿಗೆ ಸೊನ್ನೆ. ಹಾಗೆ ಸೊನ್ನೆ ತಿಂದವರಲ್ಲಿ ನಾಲ್ಕಾರು ಮಂದಿ ಮುಂದೆ ಚಾರ್ಟರ್ಡ್ ಅಕೌಂಟೆಂಟರಾಗಿ, ಮೇಷ್ಟ್ರು ಎದುರಾದಾಗ ಆ ಹೊಟ್ಟಿನ ಮಾತನ್ನೇ ನೆನಪಿಸಿ ನಗುತ್ತಿದ್ದುದುಂಟು.

ಅವರ ಒಬ್ಬಳೇ ಮಗಳೂ ಅದೇ ಬೆಂಚಿನಲ್ಲಿ ಕೂತು ಕಲಿತವಳು. ಬಿ.ಕಾಂ. ಮುಗಿಸಿ, ಎರಡು ವರ್ಷ ಬೆಂಗಳೂರಿನಲ್ಲಿ ದುಡಿದು, 2023ರ ಆಗಸ್ಟ್‌ನಲ್ಲಿ ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರಕ್ಕೆ ಲೆಕ್ಕಶಾಸ್ತ್ರವನ್ನೇ ಇನ್ನಷ್ಟು ಓದಲು ಹೋದಳು. ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದಳು. ಅಲ್ಲಿ ಒಲೆಗೂ ಗ್ಯಾಸ್, ಸ್ನಾನದ ನೀರಿಗೂ ಗ್ಯಾಸ್, ಮನೆ ಬೆಚ್ಚಗಿಡುವ ಯಂತ್ರಕ್ಕೂ ಗ್ಯಾಸ್. ಸಿಲಿಂಡರ್ ಅಲ್ಲ, ರಸ್ತೆಯಡಿಯ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ. ಸಂಪರ್ಕ ಅವಳ ಹೆಸರಿನಲ್ಲಿತ್ತು.

ಮೇಷ್ಟ್ರ ಮಗಳಲ್ಲವೇ, ಬಿಲ್ಲು ಬಂದರೆ ಸಾಲು ಸಾಲಾಗಿ ಓದುವ ಚಾಳಿ. ಉರಿಸಿದ ಗ್ಯಾಸಿನ ಬೆಲೆ, ತಿಂಗಳ ನಿಗದಿ ಶುಲ್ಕ, ತೆರಿಗೆ, ಇಷ್ಟು ಅರ್ಥವಾಯಿತು. ಇನ್ನೊಂದು ಸಾಲು ಇತ್ತು. ಕೆಲವೇ ಡಾಲರ್. ವಿಚಾರಿಸಿದರೆ ಅದು 2021ರ ಫೆಬ್ರವರಿಯ ಚಳಿಗಾಳಿಗೆ ಸಂಬಂಧಿಸಿದ್ದು ಎಂದು ತಿಳಿಯಿತು. 2021ರ ಫೆಬ್ರವರಿಯಲ್ಲಿ ಅವಳು ದಾವಣಗೆರೆಯಲ್ಲಿದ್ದಳು, ಬಿ.ಕಾಂ. ಕೊನೆಯ ವರ್ಷ, ಅರ್ಧ ಪಾಠ ಮೊಬೈಲಿನಲ್ಲಿ.

ಭಾನುವಾರದ ಫೋನಿನಲ್ಲಿ ಸಂಗತಿ ಕೇಳಿದ ಮೇಷ್ಟ್ರು ಒಂದೇ ಮಾತಿಗೆ ತೀರ್ಪು ಕೊಟ್ಟರು: "ಹಿಂದೆ ಬಾಡಿಗೆಗಿದ್ದವರ ಬಾಕಿ ನಿನ್ನ ಮೇಲೆ ಹಾಕಿದ್ದಾರೆ. ಫೋನ್ ಮಾಡಿ ಕೇಳು."

ಮಗಳು ಕಂಪನಿಗೆ ಫೋನ್ ಮಾಡಲಿಲ್ಲ, ತರಗತಿಯಲ್ಲಿ ಕೇಳಿದಳು. ಅಲ್ಲಿಂದ ಅಪ್ಪ ಮಗಳ ನಡುವೆ ಒಂದು ವಾದ ಹುಟ್ಟಿ, ಎರಡು ಚಳಿಗಾಲ ನಡೆಯಿತು.

ಆ ಫೆಬ್ರವರಿಯ ಎರಡನೇ ವಾರ ಉತ್ತರ ಧ್ರುವದ ಕಡೆಯ ಶೀತಗಾಳಿ ಅಮೆರಿಕದ ನಡುಭಾಗವನ್ನೆಲ್ಲ ಹಾದು ಟೆಕ್ಸಾಸ್‌ವರೆಗೂ ಇಳಿಯಿತು. ಟಲ್ಸಾದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಹೋಯಿತು. ಟೆಕ್ಸಾಸ್‌ನಲ್ಲಿ ವಿದ್ಯುತ್ ಕೈಕೊಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅನಿಲ ಬಾವಿಗಳ ಬಾಯಲ್ಲೇ ನೀರು ಹೆಪ್ಪುಗಟ್ಟಿ ಪೂರೈಕೆ ಕುಸಿಯಿತು, ಬೇಡಿಕೆ ಮುಗಿಲಿಗೇರಿತು. ಮೂರು ಡಾಲರಿನ ಆಸುಪಾಸಿನಲ್ಲಿರುತ್ತಿದ್ದ ಅನಿಲದ ಸಗಟು ಬೆಲೆ ಓಕ್ಲಹೋಮದ ಮಾರುಕಟ್ಟೆಯಲ್ಲಿ ಕೆಲ ದಿನಗಳಲ್ಲೇ ಸಾವಿರ ಡಾಲರ್ ದಾಟಿತು. ಅಚ್ಚಿನ ತಪ್ಪಲ್ಲ, ಸಾವಿರವೇ. ಮನೆಮನೆಗೆ ಗ್ಯಾಸ್ ಕೊಡುವ ಕಂಪನಿ "ಈ ಬೆಲೆಗೆ ಕೊಳ್ಳುವುದಿಲ್ಲ" ಎಂದು ಕೈಕಟ್ಟಿ ಕೂರುವಂತಿರಲಿಲ್ಲ. ಅಂಥ ಚಳಿಯಲ್ಲಿ ಕೊಳವೆ ಬರಿದಾದರೆ ಮಕ್ಕಳು ಮುದುಕರು ಹಾಸಿಗೆಯಲ್ಲೇ ಹೋಗುತ್ತಾರೆ. ಮತ್ತೆ ಗ್ಯಾಸ್ ಬಿಟ್ಟ ಮೇಲೆ ಮನೆಮನೆಗೂ ಆಳು ಹೋಗಿ ಆರಿದ ಜ್ಯೋತಿಗಳನ್ನು ಹೊತ್ತಿಸಿ ಬರಬೇಕು. ಓಕ್ಲಹೋಮ ನ್ಯಾಚುರಲ್ ಗ್ಯಾಸ್ ಕಂಪನಿ ಕೊಂಡಿತು. ನೂರು ಕೋಟಿ ಡಾಲರಿಗೂ ಮೀರಿದ ಅನಿಲ ಅದೇ ತಿಂಗಳಲ್ಲಿ ಉರಿದು ಆಕಾಶ ಸೇರಿತು.

ಮೇಷ್ಟ್ರ ಭಟ್ಟಿಯ ನ್ಯಾಯದಲ್ಲಿ ಇದು ಆ ತಿಂಗಳ ಖರ್ಚು. ಲಾಭ ನಷ್ಟದ ಪಟ್ಟಿಯಲ್ಲಿ ದೊಡ್ಡದೊಂದು ಹಳ್ಳ. ಆದರೆ ಕಂಪನಿಯ ಪುಸ್ತಕದಲ್ಲಿ ಹಳ್ಳ ಬೀಳಲಿಲ್ಲ. ಆ ಹಣ ಆಸ್ತಿಯ ಕಡೆ ಹೋಗಿ ಕೂತಿತು. ಉರಿದ ಹೊಟ್ಟು ಆಸ್ತಿ!

"ಯಾರು ಆಡಿಟ್ ಮಾಡಿದವರು?" ಎಂದು ಮೇಷ್ಟ್ರು ಗುಡುಗಿದರು.

ಮಗಳು ತಾಳ್ಮೆಯಿಂದ ವಿವರಿಸಿದಳು. ಅಮೆರಿಕದ ಲೆಕ್ಕಪದ್ಧತಿಯ ಮಂಡಳಿ 1982ರ ಡಿಸೆಂಬರ್‌ನಲ್ಲಿ 71ನೆಯ ನಿಯಮ ಎಂದು ಒಂದನ್ನು ಹೊರಡಿಸಿತು. ಈಗ ಅದು ಅವರ ಸಂಹಿತೆಯಲ್ಲಿ 980ನೆಯ ಅಧ್ಯಾಯ. ಎಲ್ಲ ಕಂಪನಿಗಳಿಗೂ ಅನ್ವಯಿಸುವುದಿಲ್ಲ. ಮೂರು ಷರತ್ತು ಕೂಡಬೇಕು. ದರವನ್ನು ಕಂಪನಿ ತಾನೇ ನಿಗದಿ ಮಾಡುವಂತಿಲ್ಲ, ಸ್ವತಂತ್ರ ಆಯೋಗ ಮಾಡಬೇಕು. ಆ ದರ ಕಂಪನಿಯ ಖರ್ಚನ್ನು ವಾಪಸು ತರುವ ಲೆಕ್ಕದಲ್ಲೇ ಕಟ್ಟಿದ್ದಾಗಿರಬೇಕು. ಆ ದರ ವಿಧಿಸಿದರೆ ಗ್ರಾಹಕ ಬಿಟ್ಟು ಓಡದೆ ಕೊಟ್ಟಾನು ಎಂಬ ಭರವಸೆ ಇರಬೇಕು. ಈ ಮೂರೂ ಇದ್ದು, ಇಂದಿನ ಖರ್ಚನ್ನು ನಾಳಿನ ದರದಲ್ಲಿ ವಸೂಲು ಮಾಡಲು ಆಯೋಗ ಬಿಡುತ್ತದೆ ಎಂದು ನಂಬಲು ತಕ್ಕ ಕಾರಣವಿದ್ದರೆ, ಆ ಖರ್ಚನ್ನು ಖರ್ಚೆನ್ನದೆ ಆಸ್ತಿ ಎಂದೇ ಇಡಬೇಕು. ಅದರ ಹೆಸರು ರೆಗ್ಯುಲೇಟರಿ ಅಸೆಟ್. ಮುಟ್ಟಲು ಸಿಗುವುದಿಲ್ಲ, ಮಾರಲೂ ಆಗುವುದಿಲ್ಲ. ಆಯೋಗದ ಮಾತೇ ಅದರ ಮೈ. ಷರತ್ತು ತಪ್ಪಿದ ದಿನ ಅದನ್ನು ಒಂದೇ ಏಟಿಗೆ ನಷ್ಟವೆಂದು ಬರೆದುಹಾಕಬೇಕು. ಅದಕ್ಕೂ 1988ರಲ್ಲಿ ಬೇರೆ ನಿಯಮ ಬಂತು.

ಇಂಥ ವಿಚಿತ್ರ ಯಾಕೆ ಬೇಕು? ಒಂದೇ ಬೀದಿಯಡಿ ನಾಲ್ಕು ಕಂಪನಿಗಳು ನಾಲ್ಕು ಕೊಳವೆ ಹೂಳುವುದು ದುಂದು. ಆದ್ದರಿಂದ ಒಂದಕ್ಕೇ ಬಿಟ್ಟುಕೊಟ್ಟು, ಅದರ ಜುಟ್ಟನ್ನು ಆಯೋಗದ ಕೈಗೆ ಕೊಟ್ಟರು. ಓಕ್ಲಹೋಮದಲ್ಲಿ ಜನರೇ ಆರಿಸಿ ಕಳಿಸುವ ಮೂವರು ಕಮಿಷನರುಗಳಿದ್ದಾರೆ. ಕಂಪನಿಗೆ ಲಾಭ ಸಿಗುವುದು ಕೊಳವೆ, ಮೀಟರುಗಳಲ್ಲಿ ಹೂಡಿದ ಬಂಡವಾಳದ ಮೇಲೆ. ಅನಿಲವನ್ನು ಮಾತ್ರ ಕೊಂಡ ಬೆಲೆಗೇ ಕೊಡಬೇಕು. ಒಂದು ಸೆಂಟೂ ಮೇಲಿಟ್ಟುಕೊಳ್ಳುವಂತಿಲ್ಲ. ಬೆಲೆ ಇಳಿದು ಹೆಚ್ಚು ವಸೂಲಾದರೆ ಅದು ಗ್ರಾಹಕರಿಗೆ ಸಲ್ಲಬೇಕಾದ ಹೊಣೆ, ಏರಿ ಕಡಿಮೆ ಬಿದ್ದರೆ ಗ್ರಾಹಕರಿಂದ ಬರಬೇಕಾದ ಆಸ್ತಿ. ಸಾಮಾನ್ಯ ವರ್ಷಗಳಲ್ಲಿ ಈ ಏರಿಳಿತ ಕೆಲವು ತಿಂಗಳಲ್ಲಿ ಸಮವಾಗುತ್ತದೆ. 2021 ಸಾಮಾನ್ಯ ವರ್ಷವಾಗಿರಲಿಲ್ಲ.

ಕಂಪನಿಗೆ ಸುಮಾರು ಒಂಬತ್ತು ಲಕ್ಷ ಗ್ರಾಹಕರು. ಆ ಮೊತ್ತವನ್ನು ತಲಾ ಸಮನಾಗಿ ಹಂಚಿದರೂ ಒಬ್ಬೊಬ್ಬರ ಮೇಲೆ ಸಾವಿರದ ಐನೂರು ಡಾಲರಿನಷ್ಟು ಬೀಳುತ್ತಿತ್ತು. ಒಂದೇ ಬಿಲ್ಲಿನಲ್ಲಿ ಅಷ್ಟು ತೆರುವ ಶಕ್ತಿ ಎಷ್ಟು ಮನೆಗಿದ್ದೀತು? ರಾಜ್ಯದ ಶಾಸನಸಭೆ ಅದೇ ವರ್ಷ ಕಾಯ್ದೆ ಮಾಡಿತು. 2022ರ ಆಗಸ್ಟ್‌ನಲ್ಲಿ ರಾಜ್ಯದ ಹಣಕಾಸು ಸಂಸ್ಥೆಯ ಮೂಲಕ ಸುಮಾರು 135 ಕೋಟಿ ಡಾಲರಿನ ಬಾಂಡುಗಳು ಮಾರಾಟವಾದವು. ಕಂಪನಿಗೆ ನಗದು ಬಂತು, ಆ ಆಸ್ತಿ ಪುಸ್ತಕದಿಂದ ಕರಗಿತು. ಅದರ ಬದಲಿಗೆ ಬಿಲ್ಲುಗಳಲ್ಲಿ ಒಂದು ಸಾಲು ಹುಟ್ಟಿತು. ಮನೆಗೆ ತಿಂಗಳಿಗೆ ಎಂಟು ಡಾಲರಿನ ಆಸುಪಾಸು ಎಂದು ಆಗಿನ ಅಂದಾಜು. ಅವಧಿ 25 ವರ್ಷ.

ಮೇಷ್ಟ್ರು ಬಾಯಿಲೆಕ್ಕ ಹಾಕಿದರು. ಎಂಟರಂತೆ ಹನ್ನೆರಡು ತಿಂಗಳು, ಇಪ್ಪತ್ತೈದು ವರ್ಷ: ಎರಡು ಸಾವಿರದ ನಾನೂರು. ಆಮೇಲೆ ಇನ್ನೊಂದು ಲೆಕ್ಕ ಹಾಕಿದರು, ಅದೇ ಅವರನ್ನು ಕಾಡಿದ್ದು. ಆ ಚಳಿಯಲ್ಲಿ ಆರು ವರ್ಷದವಳಾಗಿದ್ದ ಹುಡುಗಿ ಅದರ ಕೊನೆಯ ಕಂತು ಕಟ್ಟುವ ಹೊತ್ತಿಗೆ ಮೂವತ್ತು ದಾಟಿರುತ್ತಾಳೆ. ಕಂಬಳಿಯೊಳಗೆ ಅವಳನ್ನು ಬೆಚ್ಚಗಿಟ್ಟ ಅಜ್ಜಿ ಅಷ್ಟರಲ್ಲಿ ಇರುವುದಿಲ್ಲ. "ಸಾಲಕ್ಕೆ ಸಹಿ ಹಾಕಿದವರೊಬ್ಬರು, ತೀರಿಸುವವರೊಬ್ಬರು. ಇದು ಲೆಕ್ಕವೋ, ಹಿರಿಯರ ಋಣವೋ?"

ಮಗಳು ವಾದಕ್ಕೆ ಇನ್ನೊಂದು ಪಕ್ಕ ತಂದಳು. ಋಣ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಇವತ್ತು ಹೂಳಿದ ಕೊಳವೆಯನ್ನು ಐವತ್ತು ವರ್ಷದ ಮೇಲೆ ಕಿತ್ತು ತೆಗೆಯಬೇಕಾದ ಖರ್ಚನ್ನು ಸವಕಳಿಯ ಜೊತೆಗೇ ಇವತ್ತಿನ ಗ್ರಾಹಕರಿಂದ ವಸೂಲು ಮಾಡುತ್ತ ಬರುತ್ತಾರೆ. ಆ ಗುಂಡಿ ಅಗೆಯುವ ಹೊತ್ತಿಗೆ ಕೊಟ್ಟವರು ಇರುವುದಿಲ್ಲ. ಅಲ್ಲಿಯವರೆಗೆ ಅದು ಕಂಪನಿಯ ಮೇಲಿನ ಹೊಣೆ. 2018ರಿಂದ ಕಂಪನಿಗಳ ಮೇಲಿನ ಕೇಂದ್ರ ತೆರಿಗೆ 35ರಿಂದ 21 ಶೇಕಡಾಕ್ಕೆ ಇಳಿದಾಗಲೂ ಹೀಗೇ ಆಯಿತು. ಮುಂದೆ ಕಟ್ಟಬೇಕಾದೀತೆಂದು ಗ್ರಾಹಕರಿಂದ ಮೊದಲೇ ಪಡೆದಿದ್ದ ತೆರಿಗೆಯ ಹಣ ಹೆಚ್ಚಾಗಿ ಉಳಿಯಿತು. ಬೇರೆ ಕಂಪನಿಗಳು ಅದನ್ನು ಲಾಭವೆಂದು ಬರೆದುಕೊಂಡವು. ಗ್ಯಾಸ್ ಕಂಪನಿಗಳು ಗ್ರಾಹಕರಿಗೆ ವರ್ಷಾನುವರ್ಷ ಹಿಂದಿರುಗಿಸಬೇಕಾದ ಹೊಣೆಯೆಂದು ಬರೆದವು.

ಇನ್ನು ಟಾರಿನ ಕಥೆಯಂತೂ ಪುರಾಣವೇ. ನೈಸರ್ಗಿಕ ಅನಿಲದ ಕೊಳವೆಗಳು ಬರುವ ಮೊದಲು ಅಮೆರಿಕದ ಪಟ್ಟಣಗಳಲ್ಲಿ ಕಲ್ಲಿದ್ದಲನ್ನು ಕಾಯಿಸಿ ಗ್ಯಾಸ್ ತೆಗೆಯುತ್ತಿದ್ದರು. ಬಾಲ್ಟಿಮೋರ್‌ನಲ್ಲಿ ಅಂಥ ಮೊದಲ ಕಂಪನಿ ಹುಟ್ಟಿದ್ದು 1816ರಲ್ಲಿ. ಬೀದಿದೀಪಗಳು ಉರಿದವು, ಕೆಳಗುಳಿದ ಟಾರು ಮಣ್ಣಿಗಿಳಿಯಿತು. ಎಷ್ಟೋ ದಶಕಗಳ ಮೇಲೆ ಆ ಮಣ್ಣನ್ನು ಶುದ್ಧ ಮಾಡುವ ಖರ್ಚು ಹಲವು ರಾಜ್ಯಗಳಲ್ಲಿ ಇದೇ ಬಗೆಯ ಆಸ್ತಿಯಾಗಿ ಪುಸ್ತಕ ಸೇರಿ, ಬಿಲ್ಲಿನಲ್ಲಿ ಇಳಿಯುತ್ತ ಬಂದಿದೆ. ಮುತ್ತಜ್ಜನ ಬೀದಿದೀಪಕ್ಕೆ ಮರಿಮಗ ಎಣ್ಣೆ ಸುರಿದಂತೆ.

ಮೇಷ್ಟ್ರಿಗೆ ಸಮಾಧಾನ ತಂದದ್ದು ಒಂದು ಹಳೆಯ ಮೊಕದ್ದಮೆ ಮಾತ್ರ. ವೆಸ್ಟ್ ವರ್ಜೀನಿಯಾದ ಹೋಪ್ ನ್ಯಾಚುರಲ್ ಗ್ಯಾಸ್ ಕಂಪನಿ ತನ್ನ ಬಂಡವಾಳ 6 ಕೋಟಿ 60 ಲಕ್ಷ ಡಾಲರ್, ಅದರ ಮೇಲೆ ಶೇಕಡಾ 8 ಲಾಭ ಬೇಕು ಎಂದಿತು. ಕೇಂದ್ರ ಆಯೋಗ 3 ಕೋಟಿ 37 ಲಕ್ಷ, ಶೇಕಡಾ ಆರೂವರೆ ಎಂದಿತು. ಅಂತರದ ಒಂದು ದೊಡ್ಡ ತುಂಡು, ಸುಮಾರು 1 ಕೋಟಿ 70 ಲಕ್ಷ, ಕಂಪನಿ ಹಿಂದೆಂದೋ ಬಾವಿ ಕೊರೆಸಿದ್ದು ಮುಂತಾದ ಬಾಬ್ತು. ಆಗ ಅದನ್ನೆಲ್ಲ ಖರ್ಚೆಂದು ಬರೆದು ಮುಗಿಸಿತ್ತು. ದರಕ್ಕೆ ಕಡಿವಾಣ ಬಿದ್ದ ಮೇಲೆ ಅದನ್ನೇ ಅಗೆದು ತೆಗೆದು ಆಸ್ತಿ ಎಂದಿತು. ಒಮ್ಮೆ ಖರ್ಚೆಂದದ್ದನ್ನು ಮತ್ತೆ ಬಂಡವಾಳ ಎಂದು ಗ್ರಾಹಕನ ತಲೆಗೆ ಕಟ್ಟಕೂಡದು ಎಂದು ಆಯೋಗ ತಳ್ಳಿಹಾಕಿತು. 1944ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಯೋಗದ ಪರ ನಿಂತಿತು. ಇದನ್ನು ಕೇಳಿ ಮೇಷ್ಟ್ರು ಫೋನಿನಲ್ಲೇ ತೊಡೆ ತಟ್ಟಿಕೊಂಡರು. "ನೋಡು, ಸೊನ್ನೆ ಹಾಕಿದ್ದಾರೆ!"

ಮಗಳ ಪಾಠ ಇಷ್ಟಕ್ಕೇ ನಿಲ್ಲಲಿಲ್ಲ. ತಿಂಗಳ ಕೊನೆಗೆ ಉರಿದಿದ್ದರೂ ಇನ್ನೂ ಬಿಲ್ಲಾಗದ ಗ್ಯಾಸನ್ನು ಹವಾಮಾನ ನೋಡಿ ಅಂದಾಜು ಮಾಡುವ ಅಭ್ಯಾಸಪತ್ರವೊಂದು ಬಂತು. ದಿನದ ಸರಾಸರಿ ಉಷ್ಣಾಂಶ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿದೆಯೋ ಅಷ್ಟು ಅಂಕ. ನಮ್ಮೂರಲ್ಲಿ ಈ ಲೆಕ್ಕ ಹಾಕಿದರೆ ವರ್ಷವೆಲ್ಲ ಕೂಡಿದರೂ ಬೊಗಸೆ ತುಂಬುವುದಿಲ್ಲ ಎಂದು ಮೇಷ್ಟ್ರು ನಕ್ಕರು.

ಆದರೆ 2025ರ ಏಪ್ರಿಲ್‌ನಲ್ಲಿ ಅವರ ನಗು ಸ್ವಲ್ಪ ಕಡಿಮೆಯಾಯಿತು. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ ಕರ್ನಾಟಕದ ಕರೆಂಟ್ ಬಿಲ್ಲಿಗೆ ಸೇರಿತು. ಯಾರೋ ಎಂದೋ ದುಡಿದ ಕೆಲಸದ ಬಾಕಿ, ಬೆಳಕು ಇವತ್ತಿನದು. ನಿವೃತ್ತಿ ವೇತನದಲ್ಲೇ ಬದುಕುವ ಮೇಷ್ಟ್ರು ಆ ಬಗ್ಗೆ ಹೆಚ್ಚು ಮಾತಾಡಲಿಲ್ಲ.

ಮಾತಾಡದಿರಲು ಇನ್ನೊಂದು ಕಾರಣವೂ ಇದ್ದೀತು. ಮಗಳ ಓದಿಗೆ ಬ್ಯಾಂಕಿನಿಂದ ತೆಗೆದ ಸಾಲ ಅವಳ ಹೆಸರಿನಲ್ಲಿದೆ, ಜೊತೆಗೆ ಅಪ್ಪನ ಸಹಿ. ಓದುವಷ್ಟು ಕಾಲ ಕಂತಿಲ್ಲ, ಬಡ್ಡಿ ಮಾತ್ರ ಸದ್ದಿಲ್ಲದೆ ಬೆಳೆಯುತ್ತದೆ. ಅಪ್ಪ ಅಮ್ಮಂದಿರು ಇವತ್ತು ಮಾಡಿದ ಖರ್ಚು ಮಕ್ಕಳ ನಾಳಿನ ಸಂಬಳದ ಮೇಲೆ ಕೂರುವುದು ಈಗ ಮನೆಮನೆಯ ಮಾತು. ಹೆತ್ತವರು ಇದನ್ನು ಆಸ್ತಿ ಎಂದೇ ಕರೆಯುತ್ತಾರೆ. ಮಗಳು ಒಮ್ಮೆ ಇದನ್ನು ಎತ್ತಿಯೇಬಿಟ್ಟಳು. "ನನ್ನ ಸಾಲ ಯಾವ ಕಡೆ ಬರೀತೀರಿ, ಅಪ್ಪ?" ಮೇಷ್ಟ್ರ ಮನೆಯಲ್ಲಿ ಉದ್ದನೆಯ ಖಾತೆ ಪುಸ್ತಕವೊಂದಿದೆ. ಅದರಲ್ಲಿ ಅವಳ ಶುಲ್ಕ, ವಿಮಾನದ ಟಿಕೆಟ್ಟು, ಎರಡು ಸ್ವೆಟರು ಎಲ್ಲವೂ ಖರ್ಚಿನ ಕಡೆಯೇ ಇವೆ, ಬರತಕ್ಕದ್ದು ಎಂಬ ಪುಟದಲ್ಲಿ ಅವಳ ಹೆಸರಿಲ್ಲ. ಅದನ್ನು ಅವರು ಹೇಳಲಿಲ್ಲ. ನೀನು ಸಹಿ ಹಾಕಿದ್ದೀಯ, ಆ ಆರು ವರ್ಷದ ಹುಡುಗಿ ಹಾಕಿಲ್ಲ ಎಂದಷ್ಟೇ ಹೇಳಿ ಮಾತು ತಿರುಗಿಸಿದರು.

ಮಗಳು ಕೊನೆಯ ಸೆಮಿಸ್ಟರಿನ ಪ್ರಬಂಧವನ್ನು ಆ ಮೂರನೇ ಷರತ್ತಿನ ಮೇಲೇ ಬರೆದಳು. ಗ್ರಾಹಕ ಬಿಟ್ಟು ಓಡುವುದಿಲ್ಲ ಎಂಬ ಭರವಸೆ ಇಪ್ಪತ್ತೈದು ವರ್ಷ ಬಾಳುತ್ತದೆಯೇ? ಮನೆ ಬೆಚ್ಚಗಿಡಲು ವಿದ್ಯುತ್ ಯಂತ್ರ ಹಾಕಿಸಿಕೊಂಡು ಗ್ಯಾಸ್ ಬಿಡಬಲ್ಲವರು ಕೈಲಾಗುವ ಜನ. ಹಾಗೆ ಹೊರಟವರು ಹೆಚ್ಚಾದರೆ ಉಳಿದವರ ಪಾಲು ದಪ್ಪವಾಗುತ್ತದೆ. ಉಳಿಯುವವರು ಬಾಡಿಗೆಯವರು, ಬಡವರು. ಅಪ್ಪನ ಹೊಟ್ಟಿನ ನಿಯಮ ಕಠಿಣ ನಿಜ, ಆದರೆ ಅದರಲ್ಲಿ ಬೂದಿ ಯಾರ ಮನೆಯದು ಎಂಬ ಗೊಂದಲವಿಲ್ಲ ಎಂದು ಒಂದು ಕಡೆ ಬರೆದಿದ್ದಳು. ಅದನ್ನು ಓದಿದ ಮೇಷ್ಟ್ರು, ಒಂದೇ ಬಿಲ್ಲಿಗೆ ಸಾವಿರದ ಐನೂರು ಡಾಲರ್ ಹಾಕಿದ್ದರೆ ಆ ಬಡವರು ಅವತ್ತೇ ಮುಳುಗುತ್ತಿದ್ದರಲ್ಲವೇ ಎಂದು ಈಗ ಮಗಳ ಹಳೆಯ ಪಕ್ಷವನ್ನು ತಾವೇ ಹಿಡಿದರು. ವಾದ ಹೀಗೆ ಮಗ್ಗುಲು ಬದಲಿಸಿದ್ದನ್ನು ಇಬ್ಬರೂ ಗಮನಿಸಿದಂತೆ ಕಾಣಲಿಲ್ಲ.

2025ರ ಮೇ ಕೊನೆಗೆ ಅವಳಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು. ಗ್ಯಾಸ್ ಸಂಪರ್ಕವನ್ನು ತನ್ನ ಹೆಸರಿನಿಂದ ತೆಗೆಸಿ, ಕೊನೆಯ ಬಿಲ್ಲು ಕಟ್ಟಿದಳು. ಆ ಮನೆಗೆ ಮ್ಯಾನ್ಮಾರಿನಿಂದ ಬಂದ ಒಂದು ಸಂಸಾರ ಬರುವುದಿತ್ತು, ಶಾಲೆಗೆ ಹೋಗುವ ಎರಡು ಮಕ್ಕಳು. ಹೊರಡುವ ಮುಂಚೆ ಅವಳು ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದಳು. ಕಸದ ಲಾರಿ ಬರುವ ದಿನ, ಹಿಂಬಾಗಿಲ ಚಿಲಕ ಎಳೆಯುವ ಬಗೆ, ಹೀಟರಿನ ಜಾಲರಿ ಬದಲಿಸುವ ತಿಂಗಳು. ಎಲ್ಲಕ್ಕಿಂತ ಕೆಳಗೆ: ಗ್ಯಾಸ್ ಬಿಲ್ಲಿನಲ್ಲಿ 2021ರ ಚಳಿಗೆಂದು ಒಂದು ಸಾಲು ಇರುತ್ತದೆ. ಅದು ತಪ್ಪಿ ಬಂದದ್ದಲ್ಲ. ಫೋನ್ ಮಾಡಬೇಡಿ.