ಪುಣೆಯಲ್ಲೊಂದು ಸಮುದ್ರದ ಲೆಕ್ಕ

ಅಂಕೋಲೆಯಲ್ಲಿ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮೂರ ದಂಡೆಗೆ ಕಪ್ಪು ಉಂಡೆಗಳು ಬಂದು ಬೀಳುತ್ತಿದ್ದವು. ಡಾಂಬರಿನಂಥವು. ಬರಿಗಾಲಲ್ಲಿ ತುಳಿದರೆ ಸಾಬೂನಿಗೆ ಬಗ್ಗುವುದಿಲ್ಲ. ಆಯಿ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಅಂಗಾಲು ತಿಕ್ಕುತ್ತಿದ್ದಳು. ಎಲ್ಲಿಂದ ಬರ್ತದೆ ಇದು ಎಂದರೆ, "ಹಡಗಿನವರದ್ದು" ಎಂಬುದಷ್ಟೇ ಉತ್ತರ. ಯಾವ ಹಡಗು, ಯಾರದ್ದು ಎಂದು ಮುಂದೆ ಯಾರೂ ಕೇಳುತ್ತಿರಲಿಲ್ಲ.

ಸಮುದ್ರ ಬಿಟ್ಟು ಘಟ್ಟ ಹತ್ತಿ ಪುಣೆಗೆ ಬಂದ ನನಗೆ ಸಿಕ್ಕಿದ್ದೂ ಸಮುದ್ರದ ಕೆಲಸವೇ. ಕಡಲಿನ ಎಣ್ಣೆ ಬಾವಿಗಳಿಂದ ದಡಕ್ಕೆ ಬರುವ ಕೊಳವೆಗಳ ನಕ್ಷೆ ಮಾಡುವ ಕಚೇರಿ. ನಮ್ಮಲ್ಲಿ ಹೊಸಬರಿಗೆಲ್ಲ ಮೊದಲು ಹೇಳುವ ಕಥೆ 2005ರ ಜುಲೈ 27ರದ್ದು. ಬಾಂಬೆ ಹೈನಲ್ಲಿ ಬೆರಳು ಕತ್ತರಿಸಿಕೊಂಡ ಅಡುಗೆಯವನೊಬ್ಬನನ್ನು ಚಿಕಿತ್ಸೆಗೆ ಸಾಗಿಸಲು ‘ಸಮುದ್ರ ಸುರಕ್ಷಾ’ ಎಂಬ ಹಡಗು ಪ್ಲಾಟ್‌ಫಾರ್ಮಿನ ಹತ್ತಿರ ಬಂತು. ಮಳೆಗಾಲದ ಅಲೆಗೆ ಹಡಗು ರೈಸರ್‌ಗೆ, ಅಂದರೆ ತಳದಿಂದ ಮೇಲಕ್ಕೆ ಬರುವ ಕೊಳವೆಗೆ, ಬಡಿಯಿತು. ಅನಿಲ ಹೊತ್ತಿಕೊಂಡಿತು. ಎರಡು ತಾಸಿನೊಳಗೆ ಇಡೀ ಪ್ಲಾಟ್‌ಫಾರ್ಮ್ ಕುಸಿದು 22 ಜನ ಸತ್ತರು. ಆ ದಿನದಿಂದ ಏನು ಕಲಿಯಬೇಕು ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 1993ರ ಮೇ ತಿಂಗಳಲ್ಲಿ ಬಾಂಬೆ ಹೈನಿಂದ ಉರಣಕ್ಕೆ ಬರುವ ಕೊಳವೆ ಒಡೆದು ಸಾವಿರಾರು ಟನ್ ಎಣ್ಣೆ ನೀರು ಪಾಲಾದದ್ದನ್ನು ಮಾತ್ರ ಯಾರೂ ಅಷ್ಟು ವಿವರವಾಗಿ ಹೇಳುವುದಿಲ್ಲ.

ಪುಣೆ ಕ್ಯಾಂಪಿನ ಕೌನ್ಸಿಲ್ ಹಾಲ್ ಎದುರು ಸರ್ಕಾರಿ ಆಡಳಿತ ಕಟ್ಟಡವೊಂದಿದೆ. ಅದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯ ಪೀಠ ಕೂರುತ್ತದೆ. ಮಹಾರಾಷ್ಟ್ರ, ಗುಜರಾತ್, ಗೋವಾದ ಕಡಲಿನ ತಂಟೆಗಳೆಲ್ಲ ಈ ಒಣ ಊರಿಗೇ ಬರಬೇಕು. (ನಮ್ಮ ಅಂಕೋಲೆಯವರಾದರೆ ಚೆನ್ನೈಗೆ ಹೋಗಬೇಕು!) ಎಷ್ಟೋ ವರ್ಷ ಆ ರಸ್ತೆಯಲ್ಲಿ ಓಡಾಡಿದರೂ ನಾನು ಆ ಬೋರ್ಡು ನೋಡಿರಲಿಲ್ಲ. ನೋಡಿದ ಮೇಲೆ ಕುತೂಹಲಕ್ಕೆ ತೀರ್ಪುಗಳನ್ನು ಹುಡುಕಿ ಓದತೊಡಗಿದೆ. 2015ರ ಫೆಬ್ರವರಿ 27ರ ಒಂದು ತೀರ್ಪಿನಲ್ಲಿ ಉರಣ ಎಂಬ ಹೆಸರು ಕಂಡಿತು. ನಮ್ಮ ನಕ್ಷೆಗಳಲ್ಲಿ ದಿನಾ ಕಾಣುವ ಹೆಸರು.

ದೂರು ಕೊಟ್ಟವರು ಅಲ್ಲಿನ ಕೋಳಿ ಮೀನುಗಾರರು. ಮರಾಠಿಯಲ್ಲಿ ಅದು ಬೆಸ್ತರ ಜಾತಿಯ ಹೆಸರು. ಪುಣೆಗೆ ಬಂದ ಹೊಸದರಲ್ಲಿ ‘ಕೋಳಿವಾಡಾ’ ಅಂದರೆ ಕೋಳಿ ಮಾರುವ ಜಾಗ ಅಂದುಕೊಂಡಿದ್ದೆ. ಇದು ಎಣ್ಣೆ ಸೋರಿದ ಪ್ರಕರಣವಲ್ಲ. ಮುಖ್ಯವಾಗಿ ಬಂದರಿನ ವಿಸ್ತರಣೆಯದ್ದು: ಕಾಂಡ್ಲಾ ಹೋಯಿತು, ಉಬ್ಬರದ ನೀರಿನ ದಾರಿ ಕಟ್ಟಿತು, ದೋಣಿಯ ದಾರಿ ಮುಚ್ಚಿತು ಎಂಬ ದೂರು. ನಾಲ್ಕು ಕೋಳಿವಾಡಾಗಳ 1,630 ಕುಟುಂಬಗಳಿಗೆ 95,19,20,000 ರೂಪಾಯಿ ಪರಿಹಾರ ಕೊಡಿ ಎಂದಿತು ಪೀಠ. ಜೆಎನ್‌ಪಿಟಿ ಶೇ 70, ಓಎನ್‌ಜಿಸಿ ಶೇ 20, ಸಿಡ್ಕೋ ಶೇ 10. ಭಾಗಿಸಿ ನೋಡಿದೆ: ಮನೆಗೆ 5,84,000, ಅದರಲ್ಲಿ ಎಣ್ಣೆಯವರ ಪಾಲು 1,16,800. "ಹಡಗಿನವರದ್ದು" ಎಂಬ ಉತ್ತರ ಕೇಳಿ ಬೆಳೆದವನಿಗೆ, ಯಾರದ್ದು ಎಷ್ಟು ಎಂದು ಬರೆದ ಕಾಗದ ನೋಡಿದ್ದು ಅದೇ ಮೊದಲು. ಪ್ರಕರಣ ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಹೊರಟು, ಖಂಡಾಲಾ ಘಾಟಿ ಇಳಿದು, ಪನ್ವೇಲ್ ದಾಟಿ ಉರಣಕ್ಕೆ ಹೋದೆ. ಕಂಟೇನರ್ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಪೀರವಾಡಿ ದಂಡೆಯಲ್ಲಿ ವಡಾಪಾವ್ ಮಾರುವವರು, ಅಲೆಗೆ ಹೆದರಿ ಚೀರುವ ಮಕ್ಕಳು. ಪಕ್ಕದಲ್ಲೇ ಓಎನ್‌ಜಿಸಿ ಘಟಕ. ನಮ್ಮ ನಕ್ಷೆಯಲ್ಲಿ ಇಲ್ಲೊಂದು ಚುಕ್ಕಿ ಗೆರೆ ದಡ ಮುಟ್ಟುತ್ತದೆ. ಜನರು ನಕ್ಷೆಯಲ್ಲಿ ಇರುವುದಿಲ್ಲ.

ಕೋಳಿವಾಡಾದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರ ಹತ್ತಿರ ಕೂತೆ. ಮೊದಲು ಮನೆ ಹಿಂದಿನ ಖಾಡಿಯಲ್ಲೇ ಸಂಜೆಯ ಸಾರಿಗೆ ಸಾಕಾಗುವಷ್ಟು ಸಿಗಡಿ, ಏಡಿ ಸಿಗುತ್ತಿತ್ತಂತೆ.

"ಈಗ ದೂರ ಹೋಗಬೇಕು ದಾದಾ. ಡೀಸೆಲ್ ಯಾರು ಕೊಡ್ತಾರೆ?"

"ಕೋರ್ಟಿನ ದುಡ್ಡು, ಕಾಕಾ?"

ಅವರು ಬಲೆಯಿಂದ ತಲೆ ಎತ್ತಲಿಲ್ಲ. "ದುಡ್ಡು ಬಂದರೆ ಮನೆ ಛಾವಣಿ ಆಗ್ತದೆ. ಮೀನು ಬರ್ತದಾ?"

ಆಮೇಲೆ ನನ್ನ ಊರು ಕೇಳಿದರು. ಅಂಕೋಲೆ ಎಂದೆ, ಕಾರವಾರದ ಹತ್ತಿರ. ಅವರ ಮುಖ ಅರಳಿತು. ಕಾರವಾರದ ಬಂಗಡೆಯ ವಿಚಾರ ಶುರುವಾಯಿತು. ಹೊರಡುವಾಗ ಕಾಗದದಲ್ಲಿ ಒಣ ಬೊಂಬಿಲ್ ಕಟ್ಟಿ ಕೈಗಿತ್ತರು, ದುಡ್ಡು ಮುಟ್ಟಲಿಲ್ಲ.

"ಪುಣೆಯಲ್ಲಿ ಏನು ಕೆಲಸ?"

"ಕಂಪ್ಯೂಟರ್ ಕೆಲಸ," ಎಂದೆ.

ಲೋಣಾವಳಾ ದಾಟುವವರೆಗೂ ಕಾರಿನ ಗಾಜು ಇಳಿಸಿಯೇ ಓಡಿಸಿದೆ. ಬೊಂಬಿಲಿನ ವಾಸನೆ ಸೀಟಿಗೆ ಹಿಡಿದದ್ದು ವಾರವಾದರೂ ಹೋಗಲಿಲ್ಲ.